ಆಯಿ–ಅಪ್ಪನ ಜೊತೆ ಮಿರ್ಜಾನ್ ಕೋಟೆ: ಮಂಡಿ ನೋಯದಂತೆ ನೋಡುವ ಕ್ರಮ

ಮಿರ್ಜಾನ್ ಕೋಟೆ ಕುಮಟಾದಿಂದ ಸುಮಾರು 11 ಕಿ.ಮೀ., ಕಾರವಾರದಿಂದ 60ರ ಆಸುಪಾಸು. ರಾಷ್ಟ್ರೀಯ ಹೆದ್ದಾರಿ 66 ಬಿಟ್ಟು ಅರ್ಧ ಕಿಲೋಮೀಟರ್ ಒಳಗೆ ಹೋದರೆ ಗೋಡೆ ಎದುರಿಗೇ. ಇಷ್ಟು ಹತ್ತಿರ ಇರುವುದರಿಂದಲೇ ಎಡವಟ್ಟಾಗುವುದು. ಗೋಕರ್ಣಕ್ಕೆ ಹೊರಟವರು ‘ಹತ್ತು ನಿಮಿಷ ನೋಡಿ ಬರೋಣ’ ಎಂದು ಮಟಮಟ ಮಧ್ಯಾಹ್ನ ಕಾರು ತಿರುಗಿಸುತ್ತಾರೆ. ಮಕ್ಕಳು ಬುರುಜು ಹತ್ತುತ್ತಾರೆ, 70 ದಾಟಿದ ಆಯಿ ಕಾರಿನಲ್ಲೇ ಕೂರುತ್ತಾಳೆ. ಸ್ವಲ್ಪ ತಯಾರಿ ಇದ್ದರೆ ಆಕೆಯೂ ಒಳಗೆ ಬರಬಹುದು. ಒಂದೂವರೆ ತಾಸು ಬೇಕು, ಅಷ್ಟೇ.

ದಿನ ಮತ್ತು ಹೊತ್ತು

ನವೆಂಬರ್‌ನಿಂದ ಫೆಬ್ರುವರಿವರೆಗೆ ಹೋಗುವುದು ಒಳ್ಳೆಯದು. ಮಳೆಗಾಲದಲ್ಲಿ ಕೋಟೆ ಹಸಿರಾಗಿ ಬಲು ಚಂದ ಕಾಣುತ್ತದೆ. ಆದರೆ ಹಿರಿಯರನ್ನು ಕರೆದೊಯ್ಯುವ ಕಾಲ ಅದಲ್ಲ. ಕಾರಣ ಕಲ್ಲಿನಲ್ಲೇ ಇದೆ. ಕೋಟೆ ಪೂರ್ತಿ ಚಿರೆಕಲ್ಲಿನದು, ಅಂದರೆ ಕೆಂಪು ಜಂಬಿಟ್ಟಿಗೆ. ಅದರ ಮೈತುಂಬ ತೂತು. ನೀರು ಹೀರಿ ಒಳಗೇ ಇಟ್ಟುಕೊಳ್ಳುತ್ತದೆ, ತೂತಿನಲ್ಲಿ ಪಾಚಿ ಬೇರೂರುತ್ತದೆ. ಮಳೆ ನಿಂತು ಬಿಸಿಲು ಬಿದ್ದ ಮೇಲೂ ನೆರಳಿನ ಮೆಟ್ಟಿಲು ಒಣಗಿರುವುದಿಲ್ಲ. ಕಲ್ಲು ಕೆಂಪಾಗಿ ಕಂಡರೆ ಕಾಲಿಡಬಹುದು. ಕಪ್ಪು–ಹಸಿರು ಮಿಶ್ರ ಬಣ್ಣವಿದ್ದರೆ ಒಣಗಿದಂತೆ ಕಂಡರೂ ನಂಬಬೇಡಿ. ಮಾರ್ಚ್‌ನಿಂದ ಮೇ ತನಕ ಕರಾವಳಿಯ ಸೆಕೆ. ಹೋಗಲೇಬೇಕೆಂದರೆ ಬೆಳಿಗ್ಗೆ 10ರೊಳಗೆ ಮುಗಿಸಿ. ಸಂಜೆಯಾದರೆ ಮೂರೂವರೆ ನಂತರ ಹೋಗಿ, ಕತ್ತಲಾಗುವುದಕ್ಕೆ ಮುಕ್ಕಾಲು ತಾಸು ಮೊದಲೇ ಇಳಿಯಲು ಶುರು ಮಾಡಿ. ವಯಸ್ಸಾದ ಕಣ್ಣಿಗೆ ಮಬ್ಬಿನಲ್ಲಿ ಮೆಟ್ಟಿಲಿನ ಅಂಚು ಕಾಣುವುದಿಲ್ಲ.

ಹೊರಡುವ ಮೊದಲು

ಪ್ರಯಾಣವೆಂದರೆ ಅನೇಕ ಹಿರಿಯರು ಎರಡು ಕೆಲಸ ಮಾಡುತ್ತಾರೆ: ನೀರು ಕುಡಿಯುವುದನ್ನು ನಿಲ್ಲಿಸುತ್ತಾರೆ, ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆಯನ್ನು ಹೇಳದೆ ಕೇಳದೆ ಬಿಡುತ್ತಾರೆ. ದಾರಿಯಲ್ಲಿ ಎಲ್ಲಿ ಶೌಚಾಲಯ ಹುಡುಕುವುದು ಎಂಬ ಸಂಕೋಚ, ಬಾಯಿಬಿಟ್ಟು ಹೇಳುವುದಿಲ್ಲ. ಕೋಟೆಯಲ್ಲಿ ತಲೆ ಸುತ್ತಿ ಬಂದರೆ ಎಷ್ಟೋ ಸಲ ಈ ನೀರಿನ ಕೊರತೆಯೇ ಕಾರಣ. ಆದ್ದರಿಂದ ‘ಕುಮಟಾದಲ್ಲಿ ಹೋಟೆಲಿಗೆ ಹೋಗಿ, ಶೌಚಾಲಯ ಮುಗಿಸಿಯೇ ಮುಂದೆ ಹೋಗೋಣ’ ಎಂದು ಮನೆಯಲ್ಲೇ ಹೇಳಿಬಿಡಿ. ಮಾತ್ರೆಯ ಹೊತ್ತು ಬದಲಿಸಬಹುದೇ ಎಂದು ಡಾಕ್ಟರನ್ನು ಕೇಳಿ, ನೀವೇ ತೀರ್ಮಾನಿಸಬೇಡಿ. ಒಬ್ಬೊಬ್ಬರಿಗೆ 1 ಲೀಟರ್ ನೀರು ಇರಲಿ. ಡಾಕ್ಟರು ನೀರಿಗೆ ಮಿತಿ ಹೇಳಿದ್ದರೆ ಅದೇ ಲೆಕ್ಕ. ಕಿಡ್ನಿ ತೊಂದರೆ ಇದ್ದವರಿಗೆ ಎಳನೀರು ಕೊಡಿಸಬೇಡಿ, ಅದರಲ್ಲಿ ಪೊಟ್ಯಾಶಿಯಂ ಹೆಚ್ಚು. ಸಕ್ಕರೆ ಕಾಯಿಲೆ ಇದ್ದರೆ, ಸಕ್ಕರೆ ಅಂಶ ತೀರಾ ಇಳಿದಾಗ ಬಾಯಿಗೆ ಹಾಕಿಕೊಳ್ಳಲು ಕಿಸೆಯಲ್ಲಿ ನಾಲ್ಕು ಪೆಪ್ಪರ್‌ಮಿಂಟ್ ಇರಲಿ.

ಹಿಂಬದಿ ಪಟ್ಟಿ ಇರುವ ಚಪ್ಪಲಿ ಬೇಕು. ಹವಾಯಿ ಚಪ್ಪಲಿ ಇಳಿಯುವಾಗ ಮುಂದಕ್ಕೆ ಜಾರುತ್ತದೆ. ಊರುಗೋಲಿನ ತುದಿಯ ರಬ್ಬರು ಸವೆದಿದೆಯೋ ನೋಡಿ; ಸವೆದಿದ್ದರೆ ಬದಲಿಸಿ, ದೊಡ್ಡ ಖರ್ಚೇನಲ್ಲ. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಕೋಲಿನ ಹಿಡಿ ಮಣಿಕಟ್ಟಿನ ಎತ್ತರಕ್ಕೆ ಬರಬೇಕು.

ಶಿರಸಿಯಿಂದ ಬರುವವರು ದೇವಿಮನೆ ಘಟ್ಟ ಇಳಿದು, ದೀವಗಿಯಲ್ಲಿ ಹೆದ್ದಾರಿ ಸೇರಿ, ಅಂಕೋಲಾ ದಿಕ್ಕಿಗೆ ತಿರುಗಬೇಕು. ತಿರುವಿನಲ್ಲಿ ವಾಕರಿಕೆ ಬರುವವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ. ಘಟ್ಟ ಇಳಿದ ತಕ್ಷಣ ಕೋಟೆ ಹತ್ತಿಸಬೇಡಿ. ಅರ್ಧ ತಾಸು ಕೂತು, ಚಹಾ ಕುಡಿದು ಆಮೇಲೆ. ಬಸ್ಸಿನಲ್ಲಿ ಬಂದರೆ ಹೆದ್ದಾರಿಯಿಂದ ಆಟೋ ಮಾಡಿ. ಆ ಅರ್ಧ ಕಿಲೋಮೀಟರ್ ನಡಿಗೆಯನ್ನು ಕೋಟೆಯ ಒಳಗೆ ಖರ್ಚು ಮಾಡಿದರೆ ಮೇಲು.

ಮೊದಲು ಕೆಳಗಿನದು

ನೇರ ಮೆಟ್ಟಿಲಿಗೆ ಹೋಗಬೇಡಿ. ಹೊರಗಿನ ಕಂದಕದ ಬದಿಯಲ್ಲಿ ಹತ್ತು ನಿಮಿಷ ನಿಂತು ನೋಡಿ. ಅಘನಾಶಿನಿ ನದಿಯ ದಂಡೆಯ ಈ ಕೋಟೆ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯದೆಂದೇ ಹೆಸರಾದದ್ದು. 16ನೇ ಶತಮಾನದ ಮಧ್ಯದಿಂದ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆಳಿದ ಈಕೆಯನ್ನು ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ ಎಂದು ಕರೆದರು. ಬಿಜಾಪುರದ ಆದಿಲಶಾಹಿ ಅಧಿಕಾರಿ ಶರೀಫ್ ಉಲ್ ಮುಲ್ಕ್ 17ನೇ ಶತಮಾನದಲ್ಲಿ ಕಟ್ಟಿಸಿದ ಎಂಬ ಮಾತೂ ಇದೆ. ಉತ್ಖನನದಲ್ಲಿ ಪೋರ್ಚುಗೀಸ್ ಚಿನ್ನದ ನಾಣ್ಯ, ಕಬ್ಬಿಣದ ಗುಂಡು, ಚೀನಾದ ಪಿಂಗಾಣಿ ಚೂರುಗಳು ಸಿಕ್ಕಿವೆ. ಮೆಣಸು ಹೊಳೆಯ ದಾರಿಯಲ್ಲಿ ಹೊರಗೆ ಹೋದಂತೆ, ಪರದೇಶದ ಸಾಮಾನು ಅದೇ ದಾರಿಯಲ್ಲಿ ಒಳಗೆ ಬಂದದ್ದಕ್ಕೆ ಇವು ಸಾಕ್ಷಿ.

ಗೋಡೆಯ ಒಂದು ಕಲ್ಲನ್ನು ಹತ್ತಿರದಿಂದ ತೋರಿಸಿ. ಬೆರಳ ತುದಿ ಹೊಗುವಷ್ಟು ತೂತು, ತೂತಿನ ಸುತ್ತ ತುಕ್ಕಿನ ಬಣ್ಣ, ಒಳಗೆ ಹಳದಿ ಮಣ್ಣು. ಗಣಿಯಿಂದ ತೆಗೆದ ಹೊಸತರಲ್ಲಿ ಕೊಯ್ಯಲು ಬರುವಷ್ಟು ಮೆದುವಾಗಿರುವ ಈ ಕಲ್ಲು ಗಾಳಿ–ಬಿಸಿಲಿಗೆ ಬಿದ್ದಂತೆ ಗಟ್ಟಿಯಾಗುತ್ತದೆ. ಚಿರೆಕಲ್ಲಿನ ಮನೆ, ಬಾವಿ ಕಟ್ಟಿಸಿದ ನಮ್ಮ ಕಡೆಯ ಅಪ್ಪಂದಿರಿಗೆ ಇದು ನಿಮಗಿಂತ ಚೆನ್ನಾಗಿ ಗೊತ್ತು. ಇಲ್ಲಿ ನೀವು ಕೇಳುವವರಾಗಿ.

ಮೆಟ್ಟಿಲು

ಬಾಗಿಲಿನ ಮೆಟ್ಟಿಲುಗಳು ಮನೆಯ ಮೆಟ್ಟಿಲಿಗಿಂತ ಎತ್ತರ. ಹತ್ತುವಾಗ ಗಟ್ಟಿ ಕಾಲು ಮೊದಲು, ಹಿಂದಿನಿಂದ ನೋವಿನ ಕಾಲು ಮತ್ತು ಕೋಲು. ಇಳಿಯುವಾಗ ತಿರುವುಮುರುವು: ಕೋಲು ಮತ್ತು ನೋವಿನ ಕಾಲು ಮೊದಲು, ಗಟ್ಟಿ ಕಾಲು ಆಮೇಲೆ. ಮೈಭಾರವನ್ನು ಎತ್ತುವ, ತಡೆದು ಇಳಿಸುವ ಕೆಲಸ ಯಾವಾಗಲೂ ಗಟ್ಟಿ ಕಾಲಿನದೇ ಆಗಬೇಕು. ಕೋಲು ಇರಬೇಕಾದದ್ದು ನೋವಿನ ಕಾಲಿನ ಎದುರು ಬದಿಯ ಕೈಯಲ್ಲಿ. ಪ್ರತಿ ಮೆಟ್ಟಿಲಿನಲ್ಲೂ ಎರಡೂ ಕಾಲು ಜೋಡಿಸಿ ನಿಂತು ಮುಂದಿನದಕ್ಕೆ ಹೋಗಲಿ.

ನೀವು ನಿಲ್ಲುವ ಜಾಗ ಯಾವಾಗಲೂ ಅವರಿಗಿಂತ ಒಂದು ಮೆಟ್ಟಿಲು ಕೆಳಗೆ: ಹತ್ತುವಾಗ ಹಿಂದೆ, ಇಳಿಯುವಾಗ ಮುಂದೆ. ಮೇಲೆ ನಿಂತು ಕೈ ಹಿಡಿದು ಎಳೆಯುವುದು ಎಲ್ಲರೂ ಮಾಡುವ ತಪ್ಪು. ಎಳೆದರೆ ಅವರ ತೂಕ ಅವರ ಕಾಲ ಮೇಲೆ ಇರುವುದಿಲ್ಲ, ಹೆಗಲಿಗೂ ಪೆಟ್ಟು. ಪಕ್ಕದಲ್ಲಿ ನಡೆಯುವಾಗ ನಿಮ್ಮ ಮುಂಗೈಯನ್ನು ಅವರೇ ಹಿಡಿದುಕೊಳ್ಳಲಿ.

ಒಳಗೆ

ನೆರಳಿನ ಜಾಗ ಹುಡುಕಿ ಐದು ನಿಮಿಷ ಕೂರಿಸಿ. ಹುಲ್ಲಿನ ನೆಲ, ಕಟ್ಟಡಗಳ ಅಡಿಪಾಯ, ಬಾವಿಗಳು, ಇವಕ್ಕೆ ಮತ್ತೆ ಎತ್ತರ ಹತ್ತಬೇಕಾಗಿಲ್ಲ. ಹುಲ್ಲಿನಲ್ಲಿ ಕಲ್ಲಿನ ಅಂಚು ಅಡಗಿರುತ್ತದೆ, ಸವೆದ ಕಾಲುದಾರಿ ಬಿಟ್ಟು ಹೋಗಬೇಡಿ. ಬಾವಿಯ ಹತ್ತಿರ ನಿಲ್ಲಿ, ಅಂಚಿಗೆ ಬಗ್ಗಿಸಬೇಡಿ. ಬಗ್ಗಿ ಏಳುವಾಗ ಬಿಪಿ ಇಳಿದು ಕಣ್ಣು ಕತ್ತಲಿಡುವುದುಂಟು. ಗೋಡೆಯ ಮೇಲಿನ ನಡಿಗೆಯನ್ನು ಹಿರಿಯರು ಕೈಬಿಡುವುದೇ ಲೇಸು. ಮೇಲಿಂದ ಹೊಳೆ ನೋಡುವ ಆಸೆಗಿಂತ ಕೆಳಗೆ ಬಾವಿಕಟ್ಟೆ ನೋಡುವುದರಲ್ಲಿ ಹೆಚ್ಚು ವಿಷಯವಿದೆ. ಎತ್ತರದಿಂದ ನೋಡಲೇಬೇಕೆಂದರೆ ಇನ್ನೊಂದು ದಿನ ಮುರ್ಡೇಶ್ವರಕ್ಕೆ ಹೋಗಿ, ಅಲ್ಲಿನ ಗೋಪುರದಲ್ಲಿ ಲಿಫ್ಟ್ ಇದೆ.

‘ನನಗೇನೂ ಆಗಿಲ್ಲ, ನೀವೆಲ್ಲ ಹೋಗಿ ಬನ್ನಿ’ ಎಂದು ಆಯಿ ಹೇಳಿದರೆ ಆಕೆಗೆ ಸುಸ್ತಾಗಿದೆ ಎಂದೇ ತಿಳಿಯಿರಿ. ಒಬ್ಬರು ಜೊತೆಗೆ ಕೂರಿ. ಎದೆ ಬಿಗಿತ, ತಣ್ಣನೆ ಬೆವರು, ಕೂತರೂ ಇಳಿಯದ ಏದುಸಿರು ಕಂಡರೆ ನಡೆಸಿಕೊಂಡು ಇಳಿಸಬೇಡಿ. ಇದ್ದಲ್ಲೇ ಕೂರಿಸಿ 108ಕ್ಕೆ ಕರೆ ಮಾಡಿ, ಒಬ್ಬರು ಹೆದ್ದಾರಿಯ ತಿರುವಿಗೆ ಹೋಗಿ ನಿಲ್ಲಿ.

ಮನೆಗೆ ಬಂದ ಮೇಲೆ ಮಂಡಿ ಬಿಸಿಯಾಗಿ ಬಾತಿದ್ದರೆ ಬಿಸಿನೀರು ಹಾಕಬೇಡಿ. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಇಡಿ. ಬಾವಿಲ್ಲದ ಬರೀ ಬಿಗಿತಕ್ಕೆ ಬಿಸಿ ಶಾಖ ಸರಿ. ಎರಡು ದಿನಕ್ಕೂ ಬಾವು ಇಳಿಯದಿದ್ದರೆ ಡಾಕ್ಟರಿಗೆ ತೋರಿಸಿ.