ಏಸಿ ಬಿಸಿ ಗಾಳಿ ಬಿಟ್ಟಾಗ: ಗ್ಯಾಸ್ ತುಂಬಿಸುವ ಮುಂಚೆ ನಾನು ನೋಡಿದ್ದು

ಕಾರಿನ ಏಸಿ ತಣ್ಣಗಾಗುತ್ತಿಲ್ಲ ಎಂದರೆ ಸಾಕು, "ಗ್ಯಾಸ್ ಕಮ್ಮಿಯಾಗಿದೆ, ತುಂಬಿಸಿಬಿಡಿ" ಅನ್ನುವ ಸಲಹೆ ಎಲ್ಲ ಕಡೆಯಿಂದಲೂ ಬರುತ್ತದೆ. ಈ ಗ್ಯಾಸ್ ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತುವಲ್ಲ. ಕಮ್ಮಿಯಾಗಿದೆ ಎಂದರೆ ಎಲ್ಲೋ ಸೋರಿದೆ. ಆ ಜಾಗ ಹುಡುಕದೆ ತುಂಬಿಸುವುದು ತೂತು ಕೊಡಕ್ಕೆ ನೀರು ಹೊಯ್ದ ಹಾಗೆ. ಇನ್ನು ಎಷ್ಟೋ ಸಲ ಗ್ಯಾಸ್ ಸರಿಯಾಗಿಯೇ ಇದ್ದು, ಕೆಟ್ಟಿರುವುದು ಫ್ಯಾನೋ, ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರಿನ ಕ್ಲಚ್ಚೋ ಆಗಿರುತ್ತದೆ.

ನಾನು ಕೆಲಸ ಮಾಡಿದ್ದು ಬೆಂಗಳೂರಿನಲ್ಲಿ ಓಡುವ ಏಳು ವರ್ಷದ ಪೆಟ್ರೋಲ್ ಹ್ಯಾಚ್‌ಬ್ಯಾಕಿನ ಮೇಲೆ. ಆರ್-134ಎ ಗ್ಯಾಸ್, ಬೆಲ್ಟಿನಿಂದ ತಿರುಗುವ ಕ್ಲಚ್ ಇರುವ ಕಂಪ್ರೆಸರ್. ಹೈಬ್ರಿಡ್, ಎಲೆಕ್ಟ್ರಿಕ್ ಗಾಡಿಗಳ ಏಸಿಗೆ ಮನೆಯಲ್ಲಿ ಕೈ ಹಾಕಬೇಡಿ. ಅಲ್ಲಿ ಸಾಮಾನ್ಯವಾಗಿ ಕಂಪ್ರೆಸರ್ ಓಡುವುದು ಹೈ ವೋಲ್ಟೇಜಿನಲ್ಲಿ, ಅದಕ್ಕೆ ಹಾಕುವ ಎಣ್ಣೆಯೂ ಬೇರೆ.

ಮೊದಲು ನಡುವಿನ ವೆಂಟಿಗೆ ಒಂದು ಥರ್ಮಾಮೀಟರ್ ಸಿಕ್ಕಿಸಿ, ಒಳಗಾಳಿಯೇ ಸುತ್ತುವ ಹಾಗೆ ರೀಸರ್ಕ್ಯುಲೇಶನ್ ಹಾಕಿ, ಬ್ಲೋವರ್ ಎರಡರಲ್ಲಿಟ್ಟು, ಎಂಜಿನ್ ಸುಮಾರು 1500 ಆರ್‌ಪಿಎಂನಲ್ಲಿ ಹತ್ತು ನಿಮಿಷ ಓಡಿಸಿದೆ. ಹೊರಗೆ 30 ಡಿಗ್ರಿ, ವೆಂಟಿನಲ್ಲಿ 29. ಅಂದರೆ ಬರುತ್ತಿರುವುದು ಬರೀ ಫ್ಯಾನ್ ಗಾಳಿ. ಅದೇ ವೆಂಟಿನಲ್ಲಿ 38–40 ತೋರಿಸಿದ್ದರೆ ನಾನು ಬಾನೆಟ್ ಎತ್ತುತ್ತಲೇ ಇರಲಿಲ್ಲ. ಗಾಡಿ ಬಿಸಿಲಿನಲ್ಲಿ ನಿಂತು ಕಾದಿರದಿದ್ದರೆ, ಹೊರಗಿನ ಗಾಳಿಗಿಂತ ಬಿಸಿ ಬರಬೇಕಾದರೆ ಅದಕ್ಕೆ ಹೀಟರಿನ ಶಾಖ ಸೇರಿರಬೇಕು. ಆಗ ಕೆಟ್ಟಿರುವುದು ಡ್ಯಾಶ್‌ಬೋರ್ಡಿನೊಳಗೆ ಬಿಸಿ, ತಣ್ಣನೆ ಗಾಳಿ ಬೆರೆಸುವ ಮಿಕ್ಸಿಂಗ್ ಫ್ಲ್ಯಾಪ್, ಅಥವಾ ಟೆಂಪರೇಚರ್ ನಾಬಿನ ಕೇಬಲ್ ಕ್ಲಿಪ್ಪಿನಿಂದ ಜಾರಿದೆ. ಎಂಜಿನ್ ತಣ್ಣಗಿದ್ದಾಗ ಏಸಿ ಸರಿಯಿದ್ದು, ಎಂಜಿನ್ ಕಾದಂತೆಲ್ಲ ಗಾಳಿಯೂ ಬೆಚ್ಚಗಾಗುತ್ತಿದ್ದರೆ ಮೊದಲು ಇದನ್ನೇ ನೋಡಬೇಕು. ನೋಡುವ ಖರ್ಚು ಹೆಚ್ಚು ಕಮ್ಮಿ ಸೊನ್ನೆ.

ಇನ್ನು ಬಾನೆಟ್ ಎತ್ತಿ ಕಂಪ್ರೆಸರ್ ಮುಂಭಾಗ. ಅಲ್ಲಿ ಎರಡು ಭಾಗ ಕಾಣುತ್ತವೆ. ಬೆಲ್ಟ್ ಸುತ್ತಿಕೊಂಡ ಪುಲ್ಲಿ ಎಂಜಿನ್ ಓಡುವಷ್ಟು ಹೊತ್ತೂ ತಿರುಗುತ್ತಲೇ ಇರುತ್ತದೆ; ಅದರ ಮುಂದಿನ ಕ್ಲಚ್ ಪ್ಲೇಟ್ ಮಾತ್ರ ಏಸಿ ಹಾಕಿದಾಗ "ಟಕ್" ಎಂದು ಕಚ್ಚಿಕೊಂಡು ತಿರುಗಬೇಕು. ಪುಲ್ಲಿ ತಿರುಗುವುದನ್ನು ನೋಡಿ ಕಂಪ್ರೆಸರ್ ಓಡುತ್ತಿದೆ ಅಂದುಕೊಳ್ಳುವವರು ಬಹಳ ಜನ. ನನ್ನ ಗಾಡಿಯಲ್ಲಿ ಪ್ಲೇಟ್ ಅಲ್ಲಾಡಲಿಲ್ಲ. ಫ್ಯೂಸ್ ಸರಿಯಿತ್ತು. ಏಸಿ ರಿಲೇ ತೆಗೆದು ಅದೇ ಬಾಕ್ಸಿನಲ್ಲಿದ್ದ ಅದೇ ನಂಬರಿನ ಇನ್ನೊಂದು ರಿಲೇ ಹಾಕಿ ನೋಡಿದೆ, ವ್ಯತ್ಯಾಸವಿಲ್ಲ. ಕ್ಲಚ್ಚಿನ ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಇಟ್ಟರೆ ಕಾಯಿಲ್ 3.8 ಓಮ್ ತೋರಿಸಿತು. ಮೂರರಿಂದ ಐದು ಓಮ್ ಇದ್ದರೆ ಕಾಯಿಲ್ ಜೀವಂತ. ಆದರೆ ಏಸಿ ಹಾಕಿದಾಗ ಬರಬೇಕಾದ 12 ವೋಲ್ಟ್ ಆ ವೈರಿಗೆ ಬರುತ್ತಿರಲಿಲ್ಲ.

ಕರೆಂಟ್ ಬಂದೂ ಪ್ಲೇಟ್ ಕಚ್ಚದಿದ್ದರೆ ಪುಲ್ಲಿಗೂ ಪ್ಲೇಟಿಗೂ ನಡುವಿನ ಸಂದಿಯನ್ನು ಫೀಲರ್ ಗೇಜಿನಲ್ಲಿ ಅಳೆಯಬೇಕು. ಸಾಮಾನ್ಯವಾಗಿ 0.3ರಿಂದ 0.6 ಮಿಲಿಮೀಟರ್ ಇರುತ್ತದೆ. ವರ್ಷಗಟ್ಟಲೆ ಸವೆದು ಒಂದು ಮಿಲಿಮೀಟರಿನ ಹತ್ತಿರ ಬಂದರೆ, ಬೆಳಿಗ್ಗೆ ಕಚ್ಚುವ ಕ್ಲಚ್ ಮಧ್ಯಾಹ್ನದ ಟ್ರಾಫಿಕ್ಕಿನಲ್ಲಿ ಕಚ್ಚುವುದಿಲ್ಲ. ಕಾಯಿಲ್ ಕಾದರೆ ಅದರ ಓಮ್ ಏರುತ್ತದೆ, ಅಯಸ್ಕಾಂತದ ಬಲ ಇಳಿಯುತ್ತದೆ, ಅಷ್ಟು ದೂರದಿಂದ ಪ್ಲೇಟನ್ನು ಎಳೆದುಕೊಳ್ಳಲು ಅದಕ್ಕೆ ಆಗುವುದಿಲ್ಲ. ಪ್ಲೇಟಿನ ಹಿಂದಿರುವ ತೆಳು ಶಿಮ್ (ಸಂದಿ ಹೊಂದಿಸುವ ಲೋಹದ ಬಿಲ್ಲೆ) ಒಂದನ್ನು ತೆಗೆದರೆ ಎಷ್ಟೋ ಕಂಪ್ರೆಸರುಗಳು ಮತ್ತೆ ಕೆಲಸ ಮಾಡುತ್ತವೆ. ಇದನ್ನು ನೋಡದೆ ಹೊಸ ಕಂಪ್ರೆಸರ್ ಬರೆದುಕೊಡುವ ಗ್ಯಾರೇಜುಗಳೂ ಇವೆ.

ನನಗೆ ಕರೆಂಟೇ ಬಂದಿರಲಿಲ್ಲವಾದ್ದರಿಂದ ಅನುಮಾನ ಪ್ರೆಶರ್ ಸ್ವಿಚ್ಚಿನ ಕಡೆ ತಿರುಗಿತು. ಒಳಗಿನ ಒತ್ತಡ ಸುಮಾರು 28 ಪಿಎಸ್‌ಐಗಿಂತ ಇಳಿದರೆ ಅದು ಕ್ಲಚ್ ಕಟ್ ಮಾಡುತ್ತದೆ. 450ರ ಹತ್ತಿರ ಏರಿದರೂ ಕಟ್ ಮಾಡುತ್ತದೆ. ಈ ಸ್ವಿಚ್ಚನ್ನು ದಾಟಿಸಿ ಒಂದು ತುಂಡು ವೈರ್ ಕೊಟ್ಟು ಕಂಪ್ರೆಸರ್ ಓಡಿಸಿ ತೋರಿಸುವ ಅಭ್ಯಾಸ ಕೆಲವರಿಗಿದೆ. ಕಂಪ್ರೆಸರಿಗೆ ಎಣ್ಣೆ ತಲುಪುವುದೇ ಗ್ಯಾಸಿನ ಜೊತೆ ಸುತ್ತಿ. ಗ್ಯಾಸ್ ಇಲ್ಲದೆ ಓಡಿಸಿದರೆ ಎಣ್ಣೆಯಿಲ್ಲದೆ ಓಡಿಸಿದ ಹಾಗೇ, ಕಂಪ್ರೆಸರ್ ಜಾಮ್ ಆಗಲು ಹೆಚ್ಚು ಹೊತ್ತು ಬೇಡ. ಮೂರು ವೈರಿನ ಸೆನ್ಸರ್ ಇರುವ ಗಾಡಿಗಳಲ್ಲಂತೂ ಹಾಗೆ ವೈರ್ ಕೊಟ್ಟರೆ ಗಾಡಿಯ ಕಂಪ್ಯೂಟರ್ ಆದ ಇಸಿಯುಗೇ ಏಟು.

ಒತ್ತಡ ನೋಡಲು ಗೇಜ್ ಹಾಕಿದೆ. ದಪ್ಪ ಪೈಪಿನ ಮೇಲಿರುವ 13 ಮಿಲಿಮೀಟರಿನ ಪೋರ್ಟ್ ಲೋ ಸೈಡ್ (ಕಡಿಮೆ ಒತ್ತಡದ ಬದಿ), ನೀಲಿ ಹೋಸ್. ಸಣ್ಣ ಪೈಪಿನ ಮೇಲಿನ 16 ಮಿಲಿಮೀಟರಿನದು ಹೈ ಸೈಡ್ (ಹೆಚ್ಚು ಒತ್ತಡದ ಬದಿ), ಕೆಂಪು ಹೋಸ್. ಎಂಜಿನ್ ಆಫ್. ಎರಡೂ ಮುಳ್ಳು 22 ಪಿಎಸ್‌ಐನಲ್ಲಿ ನಿಂತವು. ಆ ದಿನದ 28–30 ಡಿಗ್ರಿಗೆ 90ರ ಮೇಲೆ ಇರಬೇಕಿತ್ತು. ಅಂದರೆ ಒಳಗೆ ದ್ರವವಾಗಿ ಒಂದು ಹನಿಯೂ ಉಳಿದಿಲ್ಲ. ಸ್ವಿಚ್ ತನ್ನ ಕೆಲಸ ಸರಿಯಾಗಿಯೇ ಮಾಡಿದೆ. ಇಲ್ಲಿ ಬಹಳ ಜನ ಎಡವುವ ಒಂದು ವಿಷಯವಿದೆ. ನಿಂತ ಗಾಡಿಯಲ್ಲಿ 90 ಬಂದರೆ ಗ್ಯಾಸ್ ಪೂರ್ತಿ ಇದೆ ಅಂತಲ್ಲ. ಅಡುಗೆ ಸಿಲಿಂಡರಿನಲ್ಲಿ ಅರ್ಧ ಖಾಲಿಯಾದರೂ ಒತ್ತಡ ಅಷ್ಟೇ ಇರುವ ಹಾಗೆ, ಸ್ವಲ್ಪ ದ್ರವ ಉಳಿದಿರುವ ತನಕ ಇಲ್ಲೂ ಒತ್ತಡ ಹೊರಗಿನ ಉಷ್ಣತೆಯನ್ನಷ್ಟೇ ಹೇಳುತ್ತದೆ, ತೂಕವನ್ನಲ್ಲ.

ಸೋರಿಕೆ ಕಣ್ಣಿಗೆ ಬೀಳಲು ಸುಲಭದ ಗುರುತು ಎಣ್ಣೆ. ಗ್ಯಾಸಿನ ಜೊತೆ ಎಣ್ಣೆಯೂ ಜಿನುಗಿ ಅದಕ್ಕೆ ಧೂಳು ಅಂಟುತ್ತದೆ. ಗಾಡಿಯ ಮುಂಭಾಗದಲ್ಲಿದ್ದು ಗ್ಯಾಸಿನ ಶಾಖ ಹೊರಹಾಕುವ ಕಂಡೆನ್ಸರಿನ ಎಡಗಡೆ ಕೆಳಮೂಲೆಯಲ್ಲಿ, ಬಂಪರಿನ ಸಂದಿಯಿಂದ ಸಿಡಿದ ಕೆಸರು ಕೂರುವ ಜಾಗದಲ್ಲೇ, ಅಂಗೈಯಗಲ ಕಪ್ಪು ಜಿಡ್ಡು ಇತ್ತು. ಖಾತ್ರಿಗೆ, ಉಳಿದಿದ್ದ ಗ್ಯಾಸನ್ನು ರಿಕವರಿ ಮೆಶಿನ್ ಇರುವ ಕಡೆ ಎಳೆಸಿ, ನೈಟ್ರೋಜನ್ ಸಿಲಿಂಡರಿನಿಂದ ರೆಗ್ಯುಲೇಟರ್ ಮೂಲಕ 150 ಪಿಎಸ್‌ಐ ಕೊಟ್ಟು ಸೋಪಿನ ನೀರು ಸವರಿದೆ. ಪಂಕ್ಚರ್ ಅಂಗಡಿಯ ಗಾಳಿ ಇದಕ್ಕೆ ಆಗದು: ಅದರ ತೇವ ಒಳಗೇ ಉಳಿಯುತ್ತದೆ, ಒತ್ತಡದಲ್ಲಿ ಗಾಳಿಯೂ 134ಎ ಗ್ಯಾಸೂ ಬೆರೆತರೆ ಹೊತ್ತಿಕೊಳ್ಳುವ ಅಪಾಯವೂ ಇದೆ. ಅರ್ಧ ನಿಮಿಷಕ್ಕೆ ಆ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲಾಗಿ ಎದ್ದವು. ಪೋರ್ಟುಗಳೊಳಗಿನ ಪಿನ್ ವಾಲ್ವಿಗೂ ಸೋಪಿನ ನೀರು ಬಿಟ್ಟು ನೋಡಬೇಕು. ಅದು ಕಡಿಮೆ ಬೆಲೆಯ ಭಾಗ, ಸೋರುವುದು ಮಾತ್ರ ಧಾರಾಳ.

ಅಲ್ಯುಮಿನಿಯಂ ಕಂಡೆನ್ಸರಿಗೆ ಬೆಸುಗೆ, ಎಪಾಕ್ಸಿ ಎಂದು ಹೋಗಲಿಲ್ಲ. ಹೈ ಸೈಡಿನಲ್ಲಿ 200 ಪಿಎಸ್‌ಐ ತಡೆಯುವ ತೇಪೆ ಹಾಕುವುದಕ್ಕಿಂತ ಹೊಸದು ಹಾಕುವುದೇ ವಾಸಿ. ಮುಂದಿನ ಬಂಪರ್ ಬಿಚ್ಚಿದರೆ ಪೈಪಿಗೆ ಎರಡು ಬೋಲ್ಟ್, ಕೂರಿಸಲು ನಾಲ್ಕು. ಪೈಪ್ ಬಿಚ್ಚಿದ ಕೂಡಲೇ ಬಾಯಿಗೆ ಪ್ಲಾಸ್ಟಿಕ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದೆ, ಯಾಕೆಂದರೆ ಕಂಪ್ರೆಸರಿಗೆ ಹಾಕುವ ಪಿಎಜಿ ಎಣ್ಣೆ ಮಳೆಗಾಲದ ಉಪ್ಪಿನ ಹಾಗೆ ತೇವ ಹೀರುತ್ತದೆ. ಓ-ರಿಂಗ್ ಹಳೆಯದು ಬೇಡ. 134ಎಗೆ ಬರುವ ಹಸಿರು ರಿಂಗನ್ನು ಅದೇ ಎಣ್ಣೆಯಲ್ಲಿ ಅದ್ದಿ ಹಾಕಿದೆ. ಹೊಸ ಕಂಡೆನ್ಸರಿಗೆ 30 ಮಿಲಿ ಪಿಎಜಿ-46. ಈ ಕಂಡೆನ್ಸರಿನ ಪಕ್ಕದ ಕೊಳವೆಯಲ್ಲೇ ತೇವ ಹೀರುವ ಡ್ರೈಯರ್ ಇದ್ದುದರಿಂದ ಅದೂ ಹೊಸದಾಯಿತು. ಬೇರೆಯಾಗಿದ್ದರೆ ತಪ್ಪದೆ ಬದಲಿಸಬೇಕು. ತೇವ ಉಳಿದರೆ ಅದು, ಗ್ಯಾಸನ್ನು ಹಿಗ್ಗಿಸಿ ತಂಪಾಗಿಸುವ ಎಕ್ಸ್‌ಪ್ಯಾನ್ಶನ್ ವಾಲ್ವಿನ ಸಣ್ಣ ತೂತಿನಲ್ಲಿ ಹೆಪ್ಪುಗಟ್ಟುತ್ತದೆ. ಇಪ್ಪತ್ತು ನಿಮಿಷ ಚೆನ್ನಾಗಿ ತಣ್ಣಗಿದ್ದು ಆಮೇಲೆ ಬೆಚ್ಚಗಾಗುವ, ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ತಣ್ಣಗಾಗುವ ಏಸಿಗಳ ಗುಟ್ಟು ಇದೇ.

ಒಳಗಿನ ಗಾಳಿ, ತೇವ ಎಳೆದು ಹಾಕಲು ಪಂಪಿನಿಂದ ವ್ಯಾಕ್ಯೂಮ್ 45 ನಿಮಿಷ. ಯಾವ ಮ್ಯಾನ್ಯುಯಲ್ ನೋಡಿದರೂ ಮುಳ್ಳು 29 ಇಂಚಿಗೆ ಇಳಿಯಬೇಕು ಅನ್ನುತ್ತದೆ. ಅದು ಮಂಗಳೂರಿಗೆ ಸರಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ಇಲ್ಲಿನ ಗಾಳಿಯ ಒತ್ತಡವೇ ಸುಮಾರು 27 ಇಂಚು ಪಾದರಸ. ಹಾಗಾಗಿ ಪೂರ್ತಿ ನಿರ್ವಾತವಾದರೂ ಸೊನ್ನೆ ಸರಿಮಾಡಿದ ಗೇಜ್ 27ರ ಹತ್ತಿರವೇ ನಿಲ್ಲುತ್ತದೆ, ಮಡಿಕೇರಿಯಲ್ಲಿ ಇನ್ನೂ ಕಮ್ಮಿ. ಇದು ತಿಳಿಯದೆ ಸೋರಿಕೆ ಇದೆ ಎಂದು ಎಲ್ಲ ಜಾಯಿಂಟ್ ಬಿಚ್ಚಿ ಕೂರುವುದು ಬೇಡ. ಪಂಪ್ ನಿಲ್ಲಿಸಿ, ವಾಲ್ವ್ ಮುಚ್ಚಿ ಅರ್ಧ ಗಂಟೆ ಬಿಟ್ಟೆ, ಮುಳ್ಳು ಜಗ್ಗಲಿಲ್ಲ.

ಎಷ್ಟು ಗ್ಯಾಸ್ ಎಂಬುದು ಬಾನೆಟ್ಟಿನ ಕೆಳಗಿನ ಸ್ಟಿಕ್ಕರಿನಲ್ಲಿದೆ. ಈ ಗಾಡಿಗೆ 350 ಗ್ರಾಂ. ಗೇಜ್ ನೋಡಿಕೊಂಡು ಅಂದಾಜಿನಲ್ಲಿ ತುಂಬಿಸುವುದು ತಪ್ಪು. ಇಷ್ಟು ಚಿಕ್ಕ ಸಿಸ್ಟಮ್ಮಿನಲ್ಲಿ 50 ಗ್ರಾಂ ಹೆಚ್ಚಾದರೂ ಹೈ ಸೈಡ್ ಏರಿ ತಂಪು ಕಮ್ಮಿಯಾಗುತ್ತದೆ. 450 ಗ್ರಾಮಿನ ಕ್ಯಾನನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ನೆಟ್ಟಗೆ ನಿಲ್ಲಿಸಿದೆ. ಕ್ಯಾನಿನಿಂದ ಗೇಜಿಗೆ ಹೋಗುವ ಹಳದಿ ಹೋಸಿನ ಗಾಳಿ ಒಂದು ಕ್ಷಣ ಬಿಟ್ಟು ತಕ್ಕಡಿ ಸೊನ್ನೆ ಮಾಡಿದೆ. ಎಂಜಿನ್ ಆಫ್ ಇದ್ದಾಗ ನಿರ್ವಾತವೇ ಮೊದಲ ಪಾಲನ್ನು ಎಳೆದುಕೊಂಡಿತು. ಆಮೇಲೆ ಎಂಜಿನ್, ಏಸಿ ಹಾಕಿ ಲೋ ಸೈಡಿನಿಂದ ಮಾತ್ರ. ಎಂಜಿನ್ ಓಡುವಾಗ ಹೈ ಸೈಡಿನ ಕೆಂಪು ವಾಲ್ವ್ ತೆರೆದರೆ ಆ ಒತ್ತಡ ತೆಳು ಕ್ಯಾನಿಗೆ ನುಗ್ಗಿ ಅದು ಸಿಡಿಯುತ್ತದೆ. ಕ್ಯಾನ್ ತಣ್ಣಗಾಗಿ ಗ್ಯಾಸ್ ಇಳಿಯುವುದು ನಿಧಾನವಾದಾಗ ತಕ್ಕಡಿಯಿಂದ ಎತ್ತಿ ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟೆ. ಲೈಟರ್, ಕುದಿಯುವ ನೀರು ಎರಡೂ ಬೇಡ. ಕನ್ನಡಕ, ಗ್ಲೌಸ್ ಕಡ್ಡಾಯ: ದ್ರವ ತಾಗಿದರೆ ಚರ್ಮ ಅಲ್ಲೇ ಹೆಪ್ಪುಗಟ್ಟುತ್ತದೆ.

350 ಆದಾಗ ಹೊರಗೆ 30 ಡಿಗ್ರಿಗೆ ಲೋ 32, ಹೈ 185, ವೆಂಟಿನಲ್ಲಿ 9 ಡಿಗ್ರಿ. ದಪ್ಪ ಪೈಪ್ ಕೈಗೆ ಮಜ್ಜಿಗೆ ತಂಬಿಗೆಯಂತೆ ತಣ್ಣಗೆ, ಬೆವರಿಟ್ಟಿತ್ತು. ಹೈ 300 ದಾಟಿದ್ದರೆ ಕಂಡೆನ್ಸರ್ ಫ್ಯಾನ್ ನೋಡಬೇಕಿತ್ತು; ಹೈವೇಯಲ್ಲಿ ತಂಪು, ಸಿಗ್ನಲ್ಲಿನಲ್ಲಿ ಬಿಸಿ ಎಂಬ ದೂರಿಗೂ ಮೊದಲ ಅನುಮಾನ ಅದೇ ಫ್ಯಾನಿನ ಮೇಲೆ. ಲೋ ಏರಿ ಹೈ ಇಳಿದು ಎರಡೂ 80–100ರಲ್ಲಿ ಸೇರಿಕೊಂಡರೆ ಕಂಪ್ರೆಸರ್ ಒಳಗೆ ಸವೆದಿದೆ. ಲೋ ಸೊನ್ನೆಗೆ ಇಳಿದರೆ ದಾರಿಯಲ್ಲಿ ಎಲ್ಲೋ ಕಟ್ಟಿಕೊಂಡಿದೆ. ಕಟ್ಟಿದ ಜಾಗದ ಆಚೆಗೆ ಪೈಪ್ ಹಿಮಗಟ್ಟಿ ತಾನೇ ತೋರಿಸಿಕೊಡುತ್ತದೆ.

ಎರಡು ಪೋರ್ಟಿನ ಮುಚ್ಚಳಗಳನ್ನೂ ಬಿಗಿಯಾಗಿ ಹಾಕಿದೆ. ಅವು ಧೂಳಿಗಷ್ಟೇ ಅಲ್ಲ, ಒಳಗಿನ ರಬ್ಬರ್ ಎರಡನೇ ಸೀಲ್. ಹದಿನೈದು ದಿನ ಬಿಟ್ಟು ಗೇಜ್ ಹಾಕಲಿಲ್ಲ, ಪ್ರತಿ ಸಲ ಹಾಕಿ ತೆಗೆದರೂ ಹೋಸಿನ ಪಾಲು ಗ್ಯಾಸ್ ಹೋಗುತ್ತದೆ. ಬಿಳಿ ಬಟ್ಟೆಯ ತುಂಡಿನಿಂದ ಹೊಸ ಜಾಯಿಂಟುಗಳನ್ನು ಒರೆಸಿ ಎಣ್ಣೆ ಕಲೆ ಇದೆಯೇ ಎಂದು ನೋಡಿದೆ. ಬಟ್ಟೆಗೆ ಹತ್ತಿದ್ದು ಬರೀ ಧೂಳು.