ಟಿಲ್ಗುಂಗ್ ಎಷ್ಟು ಇಡಬೇಕು? ಜರ್ಮನಿಯಲ್ಲಿ ಮನೆ ಕಟ್ಟಿಸಿದಾಗ ನಾವು ಹಾಕಿದ ಲೆಕ್ಕ

"ಎಷ್ಟು ವರ್ಷದ ಸಾಲನಮ್ಮ?" ಸ್ಟುಟ್‌ಗಾರ್ಟ್ ಹತ್ತಿರ ಮನೆ ಕಟ್ಟಿಸಲು ಹೊರಟಾಗ ದಾವಣಗೆರೆಯಿಂದ ಅಪ್ಪ ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ ಇದು. ಬ್ಯಾಂಕಿನ ಕಾಗದ ನನ್ನ ಕೈಯಲ್ಲೇ ಇತ್ತು. ಆದರೂ ಉತ್ತರ ಹೇಳಲಾಗಲಿಲ್ಲ.

ನಮ್ಮೂರಲ್ಲಿ 20 ವರ್ಷ ಅಂತ ಮೊದಲು ಹೇಳುತ್ತೇವೆ, ಇಎಂಐ ಆಮೇಲೆ ಗೊತ್ತಾಗುತ್ತದೆ. ಇಲ್ಲಿ ಲೆಕ್ಕ ಶುರುವಾಗುವುದು ಇನ್ನೊಂದು ತುದಿಯಿಂದ. ಮೊದಲ ವರ್ಷ ಅಸಲಿನಲ್ಲಿ ಶೇಕಡಾ ಎಷ್ಟು ತೀರಿಸುತ್ತೀರಿ ಅಂತ ಕೇಳುತ್ತಾರೆ. ಅದೇ ಟಿಲ್ಗುಂಗ್. ಬಡ್ಡಿಗೆ ಅದನ್ನು ಕೂಡಿಸಿ 12ರಿಂದ ಭಾಗಿಸಿದರೆ ತಿಂಗಳ ಕಂತು. ಕಂತು ಹಾಗೇ ಇರುತ್ತದೆ. ಅಸಲು ಕರಗಿದ ಹಾಗೆ ಬಡ್ಡಿಯ ಪಾಲು ಇಳಿಯುತ್ತದೆ, ಅಸಲಿನ ಪಾಲು ಏರುತ್ತದೆ. ಬಡ್ಡಿ ದರ ಮಾತ್ರ ಸಾಮಾನ್ಯವಾಗಿ 10 ಅಥವಾ 15 ವರ್ಷಕ್ಕೆ ಗಟ್ಟಿ. ಆ ಗಡುವು ಮುಗಿದ ದಿನ ಉಳಿದಿರುವ ಸಾಲಕ್ಕೆ ರೆಸ್ಟ್‌ಶುಲ್ಡ್ ಅನ್ನುತ್ತಾರೆ. ಅದನ್ನು ಆವತ್ತಿನ ಬಡ್ಡಿಗೇ ಮುಂದುವರಿಸಬೇಕು.

ನಮ್ಮದು 4 ಲಕ್ಷ ಯೂರೋ, ಬಡ್ಡಿ ಶೇ 3.6, 10 ವರ್ಷಕ್ಕೆ. ಮೊದಲು ಬಂದ ಆಫರ್‌ನಲ್ಲಿ ಟಿಲ್ಗುಂಗ್ ಶೇ 1 ಇತ್ತು. ಕಂತು 1,533 ಯೂರೋ. ಆಗಿನ ಬಾಡಿಗೆ 1,350. ಖುಷಿಯಾಯಿತು. ಆಮೇಲೆ ಎರಡನೇ ಪುಟದ ಕೆಳಗೆ ರೆಸ್ಟ್‌ಶುಲ್ಡ್ ಕಣ್ಣಿಗೆ ಬಿತ್ತು: ಸುಮಾರು 3,52,000. ಹತ್ತು ವರ್ಷ ತಪ್ಪದೆ ಕಟ್ಟಿದರೂ ಅಸಲಿನಲ್ಲಿ ಕರಗುವುದು 48 ಸಾವಿರ ಅಷ್ಟೇ! ಅದೇ ಬಡ್ಡಿ ಮುಂದುವರಿದರೂ ತೀರಲು 42 ವರ್ಷ ಬೇಕು. ನಮ್ಮ ಮನೆಯವರಿಗೆ ಆಗ 38.

ಅವತ್ತು ರಾತ್ರಿ ಮಗು ಮಲಗಿದ ಮೇಲೆ ಇಬ್ಬರೂ ಲ್ಯಾಪ್‌ಟಾಪ್ ಮುಂದೆ ಕೂತೆವು. ಇಲ್ಲಿ ನಮ್ಮ ವಯಸ್ಸಿನವರಿಗೆ ಪಿಂಚಣಿ 67ಕ್ಕೆ. ಶೇ 2 ಇಟ್ಟರೆ ಕಂತು 1,867, ಸಾಲ ತೀರುವುದು 28 ವರ್ಷ ದಾಟಿದ ಮೇಲೆ, ಅಂದರೆ ಪಿಂಚಣಿಯ ಹೊಸ್ತಿಲಲ್ಲಿ. ಶೇ 3 ಆದರೆ 2,200, ಸುಮಾರು 22 ವರ್ಷ. ನನಗೆ ಮೂರೇ ಇರಲಿ ಅನ್ನಿಸಿತು. ಅವರಿಗೆ ಧೈರ್ಯ ಬರಲಿಲ್ಲ.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. "2021ರಲ್ಲಿ ನಾವು ಶೇ 2 ಇಟ್ಟಿದ್ದೆವು, ನೀವೂ ಅಷ್ಟೇ ಇಡಿ" ಅಂತ ಸ್ನೇಹಿತರು ಹೇಳಬಹುದು. ಆಗ ಬಡ್ಡಿ ಶೇ 1ರ ಆಸುಪಾಸಿನಲ್ಲಿತ್ತು. ಶೇ 1.2 ಬಡ್ಡಿಗೆ ಶೇ 2 ಟಿಲ್ಗುಂಗ್ ಇಟ್ಟರೆ 39 ವರ್ಷ ಬೇಕು, ಶೇ 3.6 ಬಡ್ಡಿಯ ನಮ್ಮ 28 ವರ್ಷಕ್ಕಿಂತ ಜಾಸ್ತಿ! ಕಂತು ಚಿಕ್ಕದು, ಅದರಲ್ಲಿ ಬಡ್ಡಿಯ ಪಾಲೂ ಚಿಕ್ಕದು, ಹಾಗಾಗಿ ವರ್ಷ ಕಳೆದಂತೆ ಅಸಲಿಗೆ ಹೆಚ್ಚುವರಿಯಾಗಿ ಸೇರುವುದೂ ಕಡಿಮೆ. ಇನ್ನೊಬ್ಬರ ಶೇಕಡಾವನ್ನು ಸುಮ್ನೆ ನಕಲು ಮಾಡಬೇಡಿ.

ನಮ್ಮ ವಾದ ಬಗೆಹರಿದದ್ದು ಒಂದು ಪರೀಕ್ಷೆಯಿಂದ. ಮನೆ ಕಟ್ಟಿ ಆಯಿತು ಅಂದುಕೊಂಡು ಆರು ತಿಂಗಳು ಬದುಕಿ ನೋಡಿದೆವು. ಬಾಡಿಗೆಗೂ 2,200ಕ್ಕೂ ಇರುವ ವ್ಯತ್ಯಾಸ 850 ಯೂರೋ. ಅದನ್ನು ಪ್ರತಿ ತಿಂಗಳು 1ನೇ ತಾರೀಖು ಬೇರೆ ಖಾತೆಗೆ ಹಾಕಿದೆವು. ನಾಲ್ಕು ತಿಂಗಳು ಸಲೀಸಾಗಿ ಹೋಯಿತು. ಐದನೆಯ ತಿಂಗಳು ಹೀಟಿಂಗ್ ಬಾಕಿಯ ಬಿಲ್ಲೂ ಊರಿಗೆ ಹೋಗುವ ಟಿಕೆಟ್ಟೂ ಒಟ್ಟಿಗೆ ಬಂದವು. ಆ ಖಾತೆಯಿಂದಲೇ 900 ವಾಪಸ್ ತೆಗೆದೆವು. ಸ್ವಂತ ಮನೆಯ ರಿಪೇರಿಗೆ ಅಂತ ಎತ್ತಿಡುವ ದುಡ್ಡು ಇನ್ನೂ ಲೆಕ್ಕಕ್ಕೇ ಬಂದಿರಲಿಲ್ಲ. ನಾನು ಒಪ್ಪಿಕೊಂಡೆ. ಶೇ 2.5 ಅಂತ ನಿರ್ಧಾರವಾಯಿತು. ಕಂತು 2,033, ಸುಮಾರು 25 ವರ್ಷ, ಹತ್ತು ವರ್ಷಕ್ಕೆ ರೆಸ್ಟ್‌ಶುಲ್ಡ್ 2,80,000.

ಆ ಶೇಕಡಾದಷ್ಟೇ ಮುಖ್ಯವಾದ ಮೂರು ಷರತ್ತು ಕೇಳಿ ಬರೆಸಿಕೊಂಡೆವು. ವರ್ಷಕ್ಕೆ ಸಾಲದ ಶೇ 5ರವರೆಗೆ, ನಮಗಾದರೆ 20 ಸಾವಿರ, ದಂಡವಿಲ್ಲದೆ ಹೆಚ್ಚಿಗೆ ಕಟ್ಟಬಹುದು. ಟಿಲ್ಗುಂಗ್ ಅನ್ನು ಎರಡು ಸಲ ಬದಲಾಯಿಸಬಹುದು. ಮೂರನೆಯದು ಮನೆ ಕಟ್ಟಿಸುವವರಿಗೆ ತುಂಬಾ ಬೇಕಾದದ್ದು. ಕೆಲಸ ಆದ ಹಾಗೆ ಬ್ಯಾಂಕು ದುಡ್ಡು ಬಿಡುತ್ತದೆ. ಪೂರ್ತಿ ಬಿಡುವವರೆಗೆ ನಾವು ಕಟ್ಟುವುದು ತೆಗೆದ ದುಡ್ಡಿನ ಬಡ್ಡಿ ಮಾತ್ರ, ಟಿಲ್ಗುಂಗ್ ಶುರುವಾಗುವುದು ಆಮೇಲೆ. ಆದರೆ ತೆಗೆಯದ ದುಡ್ಡಿಗೂ ಒಂದು ಗಡುವಿನ ನಂತರ ತಿಂಗಳಿಗೆ ಶೇ 0.25 ಕೊಡಬೇಕು. ಆ ಗಡುವನ್ನು 6 ತಿಂಗಳಿಂದ 12ಕ್ಕೆ ಏರಿಸಿಕೊಂಡೆವು.

ಅಷ್ಟಾದರೂ ನೆಲದ ಗಾರೆ ಒಣಗದೆ ಕೆಲಸ ಎರಡು ತಿಂಗಳು ತಡವಾಯಿತು. ಬಾಗಿಲು ತೆಗೆದರೆ ಹಸಿ ಸಿಮೆಂಟಿನ ವಾಸನೆ, ಒಳಗೆ ಹಗಲೂ ರಾತ್ರಿ ಒಣಗಿಸುವ ಯಂತ್ರದ ಸದ್ದು. ಉಳಿದಿದ್ದ 60 ಸಾವಿರಕ್ಕೆ ತಿಂಗಳಿಗೆ 150 ಯೂರೋ ಕಟ್ಟಿದೆವು. ಬಾಡಿಗೆ, ಬಡ್ಡಿ, ಇದು, ಮೂರೂ ಒಟ್ಟಿಗೆ. ಆರು ತಿಂಗಳ ಪರೀಕ್ಷೆಯಲ್ಲಿ ಕೂಡಿದ ದುಡ್ಡೇ ಆಗ ಕೈಹಿಡಿಯಿತು.

ಹೋದ ವರ್ಷ ಎರಡನೇ ಮಗು ಹುಟ್ಟಿತು. ನಾನು ರಜೆಯಲ್ಲಿದ್ದೆ. ಮಗುವಿನ ಆರೈಕೆಗೆ ಸರ್ಕಾರ ಕೊಡುವ ಎಲ್ಟರ್ನ್‌ಗೆಲ್ಡ್ ಸಾಮಾನ್ಯವಾಗಿ ತಿಂಗಳಿಗೆ 1,800 ಯೂರೋ ದಾಟುವುದಿಲ್ಲ. ಬ್ಯಾಂಕಿಗೆ ಪತ್ರ ಬರೆದು ಶೇ 2ಕ್ಕೆ ಇಳಿಸಿದೆವು. ಕಂತು 1,867 ಆಯಿತು. ಮುಂದಿನ ತಿಂಗಳು ಕೆಲಸಕ್ಕೆ ವಾಪಸ್ ಹೋಗುತ್ತಿದ್ದೇನೆ. ಉಳಿದಿರುವುದು ಒಂದೇ ಬದಲಾವಣೆ. ಅದನ್ನು ಈಗಲೇ 2.5ಕ್ಕೆ ಏರಿಸಲು ಬಳಸುವುದೋ, ಕಷ್ಟಕಾಲಕ್ಕೆ ಇಟ್ಟುಕೊಂಡು ವರ್ಷದ ಕೊನೆಗೆ ಕೈಯಲ್ಲಿದ್ದಷ್ಟನ್ನು ಹೆಚ್ಚಿಗೆ ಕಟ್ಟುವುದೋ ಅಂತ ಈ ವಾರ ಮತ್ತೆ ಲೆಕ್ಕಕ್ಕೆ ಕೂತಿದ್ದೇವೆ. ನನ್ನ ಒಲವು ಎರಡನೆಯದರ ಕಡೆಗೆ.