ಹುಣಸೆ ಬೀಜದ ಡಬ್ಬಿ

ನನಗೆ ಕೋಪ ಜಾಸ್ತಿ. ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರ್ಕೆಟ್‌ನಲ್ಲಿ ಯಾರನ್ನು ಬೇಕಾದರೂ ಕೇಳಿ.

ನಾಲ್ಕು ವರ್ಷದ ಹಿಂದೆ ಹರಾಜಿನಲ್ಲಿ ಗೂಡಿನಿಂದ ನೂಲು ತೆಗೆಯುವ ಒಬ್ಬ ರೀಲರ್ ನನ್ನ ಗೂಡು ಅಲ್ಲಾಡಿಸಿ ನೋಡಿ, ‘ಕೆಟ್ಟ ಗೂಡು ಜಾಸ್ತಿ’ ಅಂದ. ‘ಕೊಡಲ್ಲ, ಹೋಗು’ ಅಂದೆ. ರೇಟು 510ರ ಹತ್ತಿರ ನಿಂತಿತ್ತು. ಮಾರನೇ ದಿನ 430ಕ್ಕೆ ಕೊಟ್ಟೆ. ಸುಮಾರು 140 ಕೆಜಿ ಮಾಲು. ರಾತ್ರಿ ಇಟ್ಟಿದ್ದಕ್ಕೆ ತೂಕವೂ ಇಳಿದಿತ್ತು. ಲೆಕ್ಕ ನೀವೇ ಹಾಕಿ.

ಇನ್ನೊಂದು ಬೆಳೆಯಲ್ಲಿ ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು ಎರಡು ದಿನ ಆಗಿತ್ತು. ಹಿಪ್ಪುನೇರಳೆ ಸೊಪ್ಪು ತಡವಾಯಿತು ಅಂತ ಕೂಲಿಯವರ ಮೇಲೆ ಕಿರುಚಾಡಿದೆ. ಗಂಡ ಹೆಂಡತಿ ಇಬ್ಬರೂ ಗಂಟುಮೂಟೆ ಕಟ್ಟಿದರು. ಆ ಹೊತ್ತಿನಲ್ಲಿ ಹುಳು ವಿಪರೀತ ತಿನ್ನುತ್ತದೆ. ನಾನೊಬ್ಬನೇ ಎಷ್ಟು ಕೊಯ್ಯಲಿ? 200 ಮೊಟ್ಟೆಗೆ 90 ಕೆಜಿ ಗೂಡು ಕೂಡ ಬರಲಿಲ್ಲ. ನಮ್ಮಲ್ಲಿ ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ಮೊಟ್ಟೆಗಳೆಲ್ಲ ಸೇರಿ.

ಕೋಪ ಬಿಡುತ್ತೇನೆ ಅಂತ ಆಣೆ ಇಟ್ಟೆ. ಎರಡು ದಿನ ನಡೆಯಿತು. ಆಮೇಲೆ ಒಂದು ಸಲ ಬೈದರೆ 10 ರೂಪಾಯಿ ದಂಡ ಅಂತ ಮನೆಯವಳ ಜೊತೆ ಮಾತಾಯಿತು. ಅದು ಇನ್ನೂ ಕೆಟ್ಟಿತು. ದುಡ್ಡು ಕಟ್ಟಿದ್ದೀನಲ್ಲ ಅಂತ ಧಾರಾಳವಾಗಿ ಬೈಯುತ್ತಿದ್ದೆ! ತಿಂಗಳಿಗೆ 600 ಚಿಲ್ಲರೆ ಸೇರಿತು. ಅವಳು ಸೀರೆ ತಂದಳು, ರೇಷ್ಮೆಯದಲ್ಲ.

ಆಮೇಲೆ ಬಂದಿದ್ದು ಡಬ್ಬಿ. ಚಿಕ್ಕದೊಂದು ಖುಷಿ ಕಂಡರೆ ಒಂದು ಬೀಜ. ಕಡ್ಲೆಕಾಯಿ ಬೀಜ ಹಾಕಿದೆ, ಇಲಿ ತಿಂದಿತು. ಹುಣಸೆ ಬೀಜಕ್ಕೆ ಬಂದೆ. ಬೈದ ದಿನ ಡಬ್ಬಿ ಖಾಲಿ ಮಾಡಬೇಕು ಅಂತ ನಾನೇ ರೂಲ್ಸ್ ಇಟ್ಟುಕೊಂಡಿದ್ದೆ. ಆರು ತಿಂಗಳು ಹತ್ತು ಬೀಜ ದಾಟಲಿಲ್ಲ. ಹೇಗೂ ಹೋಯಿತಲ್ಲ ಅಂತ ಅವತ್ತು ಇನ್ನಷ್ಟು ಬೈಯುತ್ತಿದ್ದೆ. ‘ಏನಪ್ಪಾ, ಬೀಜ ಎಣಿಸಿದರೆ ಗೂಡು ತೂಕ ಬರುತ್ತಾ?’ ಅಂತ ಪಕ್ಕದ ತೋಟದ ಅಣ್ಣ ನಗುತ್ತಿದ್ದ.

ಒಂದು ದಿನ ಗೂಡು ಆರಿಸುತ್ತಾ ಕೂತಿದ್ದೆ. ಎರಡು ಹುಳು ಸೇರಿ ಕಟ್ಟಿದ ಡಬ್ಬಲ್ ಗೂಡು ಸಿಕ್ಕಿತು ಅಂತ ಯಾರಾದರೂ ಇಡೀ ಲಾಟ್ ತಿಪ್ಪೆಗೆ ಸುರಿಯುತ್ತಾರಾ? ಬೇರೆ ತೆಗೆದಿಡುತ್ತೇವೆ. ಅದಕ್ಕೂ ಗಿರಾಕಿ ಇದ್ದಾನೆ. ಗಂಟು ಗಂಟಾದ ಡುಪಿಯನ್ ನೂಲು ಅದರಿಂದಲೇ ಬರುತ್ತದೆ. ಅವತ್ತಿನಿಂದ ಡಬ್ಬಿ ಖಾಲಿ ಮಾಡುವುದು ಬಿಟ್ಟೆ. ಬೈದ ದಿನವೂ ಬೀಜ ಬೀಳುತ್ತದೆ. ಬೈದವರ ಹತ್ತಿರ ಹೋಗಿ ‘ತಪ್ಪಾಯ್ತು’ ಅನ್ನುವುದು ಬೇರೆ ಕೆಲಸ, ಅದನ್ನೂ ಮಾಡುತ್ತೇನೆ.

ರೇಟು ಸಿಕ್ಕಿದ್ದಕ್ಕೆ ಬೀಜ ಇಲ್ಲ. ನಂದಿ ಬೆಟ್ಟದ ತಲೆ ಮೇಲೆ ಮೋಡ ಕೂತಿದ್ದರೆ ಒಂದು. ಸೊಗಡು ಅವರೆಕಾಯಿ ಬಿಡಿಸಿದ ಕೈ ವಾಸನೆಗೆ ಒಂದು. ರಾತ್ರಿ ಸೊಪ್ಪು ಹಾಕಿ ಲೈಟ್ ಆರಿಸಿ ನಿಂತರೆ ಹುಳು ತಿನ್ನುವ ಸದ್ದು ಥೇಟ್ ಮಳೆ. 1,300 ಅಡಿ ಬೋರ್ ಕೊರೆಸಿದವನಿಗೆ ಆ ಸದ್ದು ಏನು ಅಂತ ನಿಮಗೆ ಹೇಳಬೇಕಾ? ಅದಕ್ಕೆ ಎರಡು ಹಾಕುತ್ತೇನೆ.

ಮಧ್ಯೆ ಹುಳು ಮನೆಯಲ್ಲಿ ರೇಡಿಯೋ ಹಾಕಿ ನೋಡಿದೆ. ಗೂಡಿನ ತೂಕ ಒಂದು ಗ್ರಾಮೂ ಏರಲಿಲ್ಲ. ಸೊಪ್ಪು ಹಾಕುವವರು ಮಾತ್ರ ಕುಣಿಯುತ್ತಾ ಕೆಲಸ ಮಾಡಿದರು. ರೇಡಿಯೋ ಹಾಗೇ ಇದೆ.

ಈಗ ಎರಡು ವರ್ಷ, ಮೂರನೇ ಡಬ್ಬಿ. ಕೋಪ ಹೋಗಿಲ್ಲ. ಹೋದ ವಾರ ಮೋಟಾರ್ ಎತ್ತುವವನಿಗೆ ಬೈದೆ. ಆದರೆ ಆ ಗಂಡ ಹೆಂಡತಿ ವಾಪಸ್ ಬಂದಿದ್ದಾರೆ, ಅದೂ ಅಡ್ವಾನ್ಸ್ ಕೇಳದೆ. ಕಳೆದ ನಾಲ್ಕು ಬೆಳೆಯೂ 100 ಮೊಟ್ಟೆಗೆ 75 ಕೆಜಿ ಮೇಲೇ. ನಗುತ್ತಿದ್ದ ಅಣ್ಣ ಮೊನ್ನೆ ಸುಮ್ನೆ ಬಂದವನ ಹಾಗೆ ಬಂದು ಖಾಲಿ ಡಬ್ಬಿ ಇದೆಯಾ ಅಂದ. ಕೋಪ ತಲೆಗೇರುವಾಗ ಹುಳು ಗೂಡು ಕಟ್ಟುವ ಚಂದ್ರಿಕೆ ಹತ್ತಿರ ಹೋಗಿ ಒಂದು ಕೆಲಸ ಮಾಡುತ್ತೇನೆ. ಅದನ್ನು ಅವನಿಗೂ ಹೇಳಿಲ್ಲ, ನಿಮಗೂ ಹೇಳಲ್ಲ.

ನಿನ್ನೆ ಎಣಿಸಿದರೆ ಮೂವತ್ತು ಬೀಜ ಕಮ್ಮಿ. ಅಮ್ಮ ಮೊಮ್ಮಗಳ ಜೊತೆ ಅಳಗುಳಿಮಣೆ ಆಡಲು ಎತ್ತಿಕೊಂಡು ಹೋಗಿದ್ದಾಳೆ. ಜಗಳಕ್ಕೆ ಅಂತಲೇ ಹೋದೆ. ‘ನೀನೂ ಕೂತ್ಕೊಳ್ಳೋ’ ಅಂದಳು. ಎರಡು ಆಟ ಸೋತೆ.